ಹಿಡಿದು ಬಿಡುವ ಕರುಣೆ

ಗಾಳ ಹಾಕಿಕೊಂಡು ನೀರಿನ ಮುಂದೆ ಕುಳಿತವನ ವಿಷಯದಲ್ಲಿ ಲೋಕಕ್ಕೆ ಎರಡು ಅಭಿಪ್ರಾಯಗಳಿವೆ. ಅವನು ಶುದ್ಧ ಸೋಮಾರಿ ಎಂಬುದೊಂದು. ಅವನು ಒಂದು ತೆರದ ಯೋಗಿ ಎಂಬುದಿನ್ನೊಂದು. ಮೊದಲನೆಯದು ಸಾಮಾನ್ಯವಾಗಿ ಅವನ ಮನೆಯವರದು, ಎರಡನೆಯದು ಅವನದೇ. ಮೂರನೆಯ ಅಭಿಪ್ರಾಯವೂ ಒಂದಿರಬೇಕು, ಅದು ಮೀನಿನದು. ಅದನ್ನು ಯಾರೂ ಕೇಳಿದಂತೆ ಕಾಣೆ.

ಯೋಗಿಯೆಂಬ ಪಕ್ಷಕ್ಕೆ ವಕಾಲತ್ತು ವಹಿಸಿದವರಲ್ಲಿ ಹೆಸರಾದವನು ಇಂಗ್ಲೆಂಡಿನ ಐಸಾಕ್ ವಾಲ್ಟನ್. 1653ರಲ್ಲಿ ಅಚ್ಚಾದ ಅವನ ‘ದಿ ಕಂಪ್ಲೀಟ್ ಆಂಗ್ಲರ್’ ಇಂದಿಗೂ ಓದುಗರುಳ್ಳ ಪುಸ್ತಕ. ಚಿಂತನಶೀಲನ ವಿನೋದ ಎಂಬರ್ಥದ ಇನ್ನೊಂದು ಹೆಸರನ್ನೂ ಅವನು ಅದಕ್ಕೆ ಕೊಟ್ಟಿದ್ದ. ಅಂತರ್ಯುದ್ಧ ನಡೆದು, 1649ರಲ್ಲಿ ದೊರೆಯ ತಲೆಯೇ ಉರುಳಿ, ನಂಟರು ನಂಟರನ್ನು ನಂಬದಿದ್ದ ಕಾಲದಲ್ಲಿ ಒಬ್ಬ ಲಂಡನ್ನಿನ ವ್ಯಾಪಾರಿ ಹೊಳೆಯ ದಂಡೆಯಲ್ಲಿ ನೆಮ್ಮದಿಯನ್ನು ಕಂಡುಕೊಂಡ. ಅದನ್ನು ಸೊಗಸಾಗಿ ಬರೆದ. 1823ರಲ್ಲಿ ಬೈರನ್ ಕವಿ ‘ಡಾನ್ ಹ್ವಾನ್’ ಕಾವ್ಯದ ನಡುವೆ ನಿಂತು ಈ ಸಾಧುವಿನ ಮೇಲೆ ಹರಿಹಾಯ್ದದ್ದೂ ಉಂಟು: ಅಂಥವನ ಗಂಟಲಿಗೇ ಗಾಳ ಸಿಕ್ಕಿಸಿ ಮೀನೊಂದು ಎಳೆಯಬೇಕೆಂಬ ಧಾಟಿಯಲ್ಲಿ. ಸ್ವಂತ ಬಾಳಿನಲ್ಲಿ ಬೈರನ್ನನೇನೂ ಅಹಿಂಸಾವ್ರತಿಯಲ್ಲ. ಆದರೆ ಕೇಳಿದ ಪ್ರಶ್ನೆ ಸರಿಯಾದದ್ದು. ಒಬ್ಬನ ಶಾಂತಿಗೆ ಇನ್ನೊಂದು ಜೀವದ ಬಾಯಿಯಲ್ಲಿ ಕೊಕ್ಕೆ ಇರಲೇಬೇಕೆ?

ನಮ್ಮಲ್ಲಿ ಭರ್ತೃಹರಿ ಬೇಡನನ್ನೂ ಬೆಸ್ತನನ್ನೂ ಚಾಡಿಕೋರನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದಾನೆ; ಜಿಂಕೆಗೂ ಮೀನಿಗೂ ಸಜ್ಜನನಿಗೂ ಇವರು ಕಾರಣವಿಲ್ಲದ ಹಗೆಗಳಂತೆ. ತರಗತಿಯಲ್ಲಿ ಈ ಮಾತು ಬಂದಾಗಲೆಲ್ಲ ನನಗೆ ಒಂದು ತಕರಾರು ಏಳುತ್ತದೆ. ಚಾಡಿಕೋರನಿಗೆ ಕಾರಣವಿಲ್ಲ, ಒಪ್ಪಿದೆ. ಮೀನುಗಾರನಿಗೆ ಕಾರಣವಿಲ್ಲವೆ? ಅವನ ಮನೆಯ ಒಲೆಯೇ ಕಾರಣ. ಮಹಾಭಾರತದ ಅರಣ್ಯಪರ್ವದಲ್ಲಿ ಕೌಶಿಕನೆಂಬ ಬ್ರಾಹ್ಮಣ ಧರ್ಮವನ್ನು ಕೇಳಲು ಮಿಥಿಲೆಯ ಮಾಂಸದ ಅಂಗಡಿಗೇ ಹೋಗಬೇಕಾಯಿತು. ಧರ್ಮವ್ಯಾಧ ತನ್ನ ಕಸುಬು ಘೋರವೆಂಬುದನ್ನು ಮುಚ್ಚಿಡುವುದಿಲ್ಲ. ಹಾಗೆಂದು ಅದರಿಂದ ತಾನು ಹೊಲೆಗೆಟ್ಟೆನೆಂದು ಎದೆ ಬಡಿದುಕೊಳ್ಳುವುದೂ ಇಲ್ಲ. ನೇಗಿಲ ಕೆಳಗೆ ಸಾಯುವ ಹುಳುಗಳೆಷ್ಟು, ನಡೆವ ಕಾಲಿನಡಿ ಸಾಯುವ ಜೀವಗಳೆಷ್ಟು ಎಂದು ಎದುರಿಗಿದ್ದವನನ್ನೇ ಲೆಕ್ಕಕ್ಕೆ ಎಳೆಯುತ್ತಾನೆ. ಕಸುಬಿನ ಹಿಂಸೆಯ ಪ್ರಶ್ನೆಯನ್ನು ಈ ವ್ಯಾಧನಿಗೇ ಬಿಟ್ಟುಬಿಡಬಹುದು; ನನಗಿಂತ ಚೆನ್ನಾಗಿ ಅವನು ಉತ್ತರ ಕೊಟ್ಟಿದ್ದಾನೆ. ನಾನು ಕೇಳಬೇಕೆಂದಿರುವುದು ಬೇರೆ: ಕಸುಬೂ ಅಲ್ಲದ, ಹಸಿವೂ ಇಲ್ಲದ ಗಾಳದ ಮಾತು. ರಜೆಯಲ್ಲಿ, ಬೇಸಗೆಯಲ್ಲಿ, ಸಂತೋಷಕ್ಕೆಂದು ತೆಪ್ಪ ಹತ್ತುವವನ ಗಾಳದ ಮಾತು.

ಮಾತಿಗೆ ನೆಲೆ ಬೇಕಾದರೆ ಹೇಮಾವತಿಯ ಹಿನ್ನೀರೆಂದು ಇಟ್ಟುಕೊಳ್ಳೋಣ. ನನ್ನ ಮಾವನವರ ಊರು ಅದರ ಮಗ್ಗುಲಿನಲ್ಲಿದೆ. ಉತ್ತರ ಪತ್ರಿಕೆಗಳ ರಾಶಿ ಕರಗಿದ ಮೇಲೆ ನಮ್ಮ ಸಂಸಾರ ಪ್ರತಿ ಬೇಸಗೆಯಲ್ಲೂ ಅಲ್ಲಿಗೆ ಹೋಗುತ್ತದೆ. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದಾಗ ಎಷ್ಟೋ ಹಳ್ಳಿಗಳ ಗದ್ದೆ ತೋಟಗಳು ನೀರಿನಡಿ ಸೇರಿದುವು. ಮಳೆಗಾಲದಲ್ಲಿ ನೋಡಿದರೆ ಅದೊಂದು ಸಮುದ್ರ. ಏಪ್ರಿಲ್ ಮೇ ತಿಂಗಳಲ್ಲಿ ನೀರು ಹಿಂದಕ್ಕೆ ಸರಿದಂತೆ ಮುಳುಗಿದ್ದುದೆಲ್ಲ ಒಂದೊಂದಾಗಿ ಮೇಲೆ ಬರುತ್ತದೆ: ಗದ್ದೆಯ ಬದು, ಒಣಗಿ ಕರಿದಾದ ಮರದ ಬೊಡ್ಡೆ, ಯಾರದೋ ಮನೆಯ ತಳಪಾಯದ ಕಲ್ಲು. ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿಸಿದ ಇಗರ್ಜಿ ಮಳೆಗಾಲದಲ್ಲಿ ಕಂಠದವರೆಗೆ ಮುಳುಗಿ, ಬೇಸಗೆಯಲ್ಲಿ ಬುಡದವರೆಗೆ ಒಣಗಿ ನಿಲ್ಲುವುದನ್ನು ಪಟದಲ್ಲಾದರೂ ನೋಡದವರು ಕಡಮೆ. ಒಬ್ಬ ರೈತ ರಾಗಿ ಬಿತ್ತಿದ್ದ ನೆಲದ ಮೇಲೆ ಈಗ ಮೀನು ಮೇಯುತ್ತದೆ. ಅದನ್ನು ಹಿಡಿಯಲು ನಾವು ಗಾಳಕ್ಕೆ ಚುಚ್ಚುವುದೂ ರಾಗಿಯ ಮುದ್ದೆಯನ್ನೇ.

ತೆಪ್ಪ ನನ್ನದಲ್ಲ. ಇಲಾಖೆಯ ಪರವಾನಗಿ ಪಡೆದು ಬಲೆ ಬಿಡುವ ಮೀನುಗಾರನೊಬ್ಬನದು. ಹಿಂದಿನ ಹರಿಗೋಲಿನ ಹಾಗೆಯೇ ದುಂಡಗಿನದು. ಬಿದಿರಿನ ಹೆಣಿಗೆಗೆ ಚರ್ಮದ ಬದಲು ಟಾರ್ಪಾಲು ಹೊದಿಸಿ ಡಾಂಬರು ಬಳಿದಿದ್ದಾನೆ. ಒಂದೇ ಹುಟ್ಟಿನಿಂದ ಅದನ್ನು ನೆಟ್ಟಗೆ ನಡೆಸುವುದು ವಿದ್ಯೆ. ನಾನು ಹುಟ್ಟು ಹಿಡಿದರೆ ಅದು ನಿಂತಲ್ಲೇ ಪ್ರದಕ್ಷಿಣೆ ಹಾಕುತ್ತದೆ. ಮಕ್ಕಳಿಗೆ ಅದೇ ದೊಡ್ಡ ವಿನೋದ.

ಸಂಸಾರಸಮೇತ ಹೋದ ದಿನದ ಗಲಾಟೆಯನ್ನು ಹೇಳಿ ತೀರದು. ಇಬ್ಬರು ಮಕ್ಕಳು, ಅವರ ಸೋದರಮಾವ, ಪುಳಿಯೋಗರೆಯ ಡಬ್ಬಿ, ಕೊಡೆ, ‘ಆ ಕಡೆ ವಾಲಬೇಡವೋ’ ಎಂಬ ನನ್ನ ಹೆಂಡತಿಯ ನಿರಂತರ ಮಂತ್ರ. ಎರೆಹುಳುವಿನ ಡಬ್ಬಿ ಮಗುಚುತ್ತದೆ; ಬೆಂಡು ಮುಳುಗಿತೆಂದು ಚಿಕ್ಕವನು ಹತ್ತು ಸಲ ಸುಳ್ಳೇ ಕೂಗುತ್ತಾನೆ; ಹನ್ನೊಂದನೆಯ ಸಲ ನಿಜವಾಗಿ ಮುಳುಗಿದಾಗ ಯಾರೂ ನೋಡುವುದಿಲ್ಲ. ಇಷ್ಟರ ನಡುವೆಯೂ ನಾಲ್ಕು ಜಿಲೇಬಿ ಸಿಕ್ಕುತ್ತವೆ. (ಮಿಠಾಯಿಯಲ್ಲ, 1952ರಲ್ಲಿ ಭಾರತಕ್ಕೆ ತಂದುಬಿಟ್ಟ ತಿಲಾಪಿಯಕ್ಕೆ ನಮ್ಮ ಜನ ಇಟ್ಟ ಹೆಸರು. ಯಾವ ಕೆರೆಗೆ ಬಿಟ್ಟರೂ ಕೆಲವೇ ವರ್ಷಗಳಲ್ಲಿ ತಾನೇ ಯಜಮಾನನಾಗುವ ಮೀನು.) ಸಂಜೆ ಅವು ಅತ್ತೆಯವರ ಕೈ ಸೇರುತ್ತವೆ. ಹುಣಸೆಹುಳಿ ಹಿಂಡಿ, ಮಸಾಲೆ ಅರೆದು ಹಾಕಿ ಕುದಿಸಿದ ಸಾರಿನ ಕಂಪು ಬೀದಿಯ ತಿರುವಿನವರೆಗೂ ಬರುತ್ತದೆ.

ಹಿಂದಿನ ಬೇಸಗೆಯಲ್ಲಿ ಹೀಗೊಂದು ದಿನ, ಒಂಬತ್ತು ವರ್ಷದ ನನ್ನ ಮಗಳು ತೆಪ್ಪದ ತಳದಲ್ಲಿ ಕಿವಿರು ತೆರೆದು ಮುಚ್ಚುತ್ತಿದ್ದ ಮೀನನ್ನೇ ನೋಡುತ್ತ, “ಅಪ್ಪ, ಅದಕ್ಕೆ ನೋವಾಗುತ್ತಿದೆ ಅಲ್ವಾ?” ಎಂದಳು.

“ಆಗುತ್ತದೆ,” ಎಂದೆ.

“ಹಾಗಾದರೆ ಬೇಗ ಸಾಯಿಸು.”

ನಾನು ಹುಟ್ಟಿನ ಹಿಡಿಯಿಂದ ಅದರ ತಲೆಗೆ ಒಂದು ಪೆಟ್ಟು ಕೊಟ್ಟೆ. ಅವಳು ಮುಖ ತಿರುಗಿಸಲಿಲ್ಲ. ರಾತ್ರಿ ಊಟದಲ್ಲಿ ಮುಳ್ಳು ಬಿಡಿಸಿಕೊಂಡು ಎರಡು ತುಂಡು ತಿಂದಳು. ಆ ಮಗುವಿನ ನಡತೆಯಲ್ಲಿ ದೊಡ್ಡವರ ಎಷ್ಟೋ ಗ್ರಂಥಗಳಲ್ಲಿಲ್ಲದ ಕ್ರಮವೊಂದು ನನಗೆ ಕಂಡಿತು. ನೋವಿದೆಯೆಂದು ಒಪ್ಪಿಕೊಂಡಳು, ಅದನ್ನು ಕಡಮೆಮಾಡೆಂದಳು, ಕೊಂದದ್ದನ್ನು ವ್ಯರ್ಥಮಾಡಲಿಲ್ಲ.

ನೋವಿದೆಯೆಂದು ನಾನು ಅಷ್ಟು ಖಂಡಿತವಾಗಿ ಹೇಳಿದ್ದಕ್ಕೆ ಆಧಾರವಿಲ್ಲದಿಲ್ಲ. 2003ರಲ್ಲಿ ಸ್ಕಾಟ್ಲೆಂಡಿನಲ್ಲಿ ಲಿನ್ ಸ್ನೆಡನ್ ಮತ್ತು ಅವರ ಸಂಗಡಿಗರು ಟ್ರೌಟ್ ಮೀನಿನ ಮುಖದ ಮೇಲೆ 58 ಸಂವೇದನಾಬಿಂದುಗಳನ್ನು ಪರೀಕ್ಷಿಸಿ, ಅವುಗಳಲ್ಲಿ 22 ಗಾಯದ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವಂಥವೆಂದು ತೋರಿಸಿದರು. ತುಟಿಗೆ ಜೇನುನೊಣದ ವಿಷವನ್ನೋ ಹುಳಿದ್ರವವನ್ನೋ ಚುಚ್ಚಿದ ಮೀನುಗಳು ಮೇವನ್ನು ಬಿಟ್ಟುವು. ಕೆಲವು ತುಟಿಯನ್ನು ತಳದ ಕಲ್ಲಿಗೆ ಉಜ್ಜಿಕೊಂಡುವು. ಇದಕ್ಕೆ ಪ್ರತಿಪಕ್ಷವೂ ಇದೆ. ನಮ್ಮ ಮಿದುಳಿನಲ್ಲಿ ನೋವನ್ನು ನೋವೆಂದು ಅನುಭವಿಸುವ ಹೊರಪದರ ಮೀನಿಗಿಲ್ಲ, ಆದ್ದರಿಂದ ಅದು ಒದ್ದಾಡುತ್ತದೆಯೇ ಹೊರತು ನೋಯುವುದಿಲ್ಲ ಎನ್ನುವ ಪಂಡಿತರಿದ್ದಾರೆ. ವಾದ ಮುಗಿದಿಲ್ಲ. ಆದರೆ ಸಂಶಯದ ಲಾಭವನ್ನು ಯಾರಿಗೆ ಕೊಡಬೇಕು? ನ್ಯಾಯಾಲಯದಲ್ಲಿ ಅದನ್ನು ಆಪಾದಿತನಿಗೆ ಕೊಡುತ್ತೇವೆ, ಏಕೆಂದರೆ ಕಳೆದುಕೊಳ್ಳುವವನು ಅವನು. ಇಲ್ಲಿ ಕಳೆದುಕೊಳ್ಳುವುದು ಮೀನು. ನನ್ನ ಕಡೆ ಪಣಕ್ಕಿರುವುದು ಒಂದು ಮಧ್ಯಾಹ್ನದ ಸಂತೋಷ ಮಾತ್ರ.

ಇನ್ನು ಒಂಟಿಯಾಗಿ ಹೋಗುವ ದಿನ. ಅದರ ಸೊಗಸೇ ಬೇರೆ. ಬೆಳಗಿನ ಐದೂವರೆಗೆ ನೀರು ಕನ್ನಡಿಯಂತಿರುತ್ತದೆ. ತೆಪ್ಪದವನು ಮಿತಭಾಷಿ, ಬೀಡಿ ಹಚ್ಚಿದರೆ ಅದೇ ಅವನ ಒಂದು ವಾಕ್ಯ. ನೀರುಕಾಗೆಯೊಂದು ಬೊಡ್ಡೆಯ ಮೇಲೆ ರೆಕ್ಕೆ ಹರಡಿ ಕುಳಿತಿರುತ್ತದೆ. ಬೆಂಡಿನ ಮೇಲೆ ಕಣ್ಣು ನೆಟ್ಟು ಕೂತರೆ ಒಂದು ಗಂಟೆ ಹೋದದ್ದು ತಿಳಿಯುವುದಿಲ್ಲ. ವರ್ಷವೆಲ್ಲ ತಲೆಯಲ್ಲಿ ಗುಂಯ್ಗುಡುತ್ತಿದ್ದ ಹಾಜರಿ ಪುಸ್ತಕ, ಸಭೆ, ಬಡ್ತಿಯ ಗೊಣಗಾಟವೆಲ್ಲ ಎಲ್ಲೋ ಇಳಿದುಹೋಗುತ್ತದೆ. ವಾಲ್ಟನ್ ಹೇಳಿದ ಚಿಂತನ ಇದೇ ಇರಬೇಕು. ಸಂಸಾರದ ಗದ್ದಲದ ತೆಪ್ಪಕ್ಕೂ ಇದಕ್ಕೂ ಹೋಲಿಸಿ, ಯಾವುದು ಹೆಚ್ಚು ಸಾತ್ವಿಕವೆಂದು ಯಾರನ್ನು ಕೇಳಿದರೂ ಇದನ್ನೇ ತೋರಿಸುವರು.

ನನಗೆ ಹಾಗೆ ತೋರುವುದಿಲ್ಲ. ತಪ್ಪಾಗಿ ಕೇಳಿಸೀತು, ಆದರೂ ಹೇಳುತ್ತೇನೆ: ಸದ್ದುಗದ್ದಲದ ಆ ತೆಪ್ಪಕ್ಕಿಂತ ಮೌನದ ಈ ತೆಪ್ಪಕ್ಕೇ ಸಮರ್ಥನೆ ಕಷ್ಟ. ಕಾರಣ ತೀರ ಸಾಮಾನ್ಯವಾದದ್ದು. ಅತ್ತೆಯವರ ಮನೆಯಲ್ಲಿ ಸೋಮವಾರ ಶನಿವಾರಗಳಂದು ಮೀನುಮಾಂಸ ಒಲೆಗೆ ಏರುವುದಿಲ್ಲ. ತಿನ್ನದ ದಿನ ಹಿಡಿಯುವುದೇಕೆಂದು ಮನೆಯವರಾರೂ ಬರುವುದಿಲ್ಲ. ನಾನು ಒಂಟಿಯಾಗುವುದು ಆ ದಿನಗಳಲ್ಲಿಯೇ. ಎಂದರೆ, ನನ್ನ ಧ್ಯಾನದ ದಿನಗಳಂದು ಮೀನಿಗೆ ಪಾತ್ರೆಯಿಲ್ಲ. ಸಿಕ್ಕಿದ್ದನ್ನು ನೀರಿಗೆ ಬಿಡಬೇಕು.

ಹಿಡಿದು ಬಿಡುವುದನ್ನು ಈಗಿನ ಕಾಲದ ಸಭ್ಯರು ಗಾಳದ ಪರಮಧರ್ಮವೆಂದು ಎಣಿಸುತ್ತಾರೆ. ಕೊಲ್ಲಲಿಲ್ಲವಲ್ಲ, ಮತ್ತೇನು? ಕೇಳುವುದಕ್ಕೆ ಹಿತವಾದ ಮಾತು. ಆದರೆ ಸ್ವಿಟ್ಜರ್ಲೆಂಡಿನವರು 2008ರಲ್ಲಿ ತಂದ ಪ್ರಾಣಿರಕ್ಷಣೆಯ ನಿಯಮದಲ್ಲಿ ಇದನ್ನೇ ತಲೆಕೆಳಗು ಮಾಡಿದ್ದಾರೆ: ಬಿಡಬೇಕೆಂಬ ಉದ್ದೇಶದಿಂದಲೇ ಗಾಳ ಹಾಕುವುದು ಅಲ್ಲಿ ನಿಷಿದ್ಧ. ಊಟಕ್ಕೆ ಹಿಡಿ, ಹಿಡಿದದ್ದನ್ನು ಒಡನೆ ಕೊಲ್ಲು; ಆಟಕ್ಕೆ ನೋಯಿಸಬೇಡ. ಮೊದಲ ಸಲ ಓದಿದಾಗ ವಿಚಿತ್ರವೆನಿಸುತ್ತದೆ. ಕೊಲ್ಲುವವನಿಗೆ ಅನುಮತಿ, ಬಿಡುವವನಿಗೆ ಶಿಕ್ಷೆಯೆ? ಎರಡನೆಯ ಸಲ ಓದಿದಾಗ ನನ್ನ ಮಗಳ ಮಾತಿಗೂ ಆ ಕಾನೂನಿಗೂ ಹೆಚ್ಚು ದೂರವಿಲ್ಲವೆಂದು ಹೊಳೆಯುತ್ತದೆ.

ಅದಲ್ಲದೆ, ಬಿಟ್ಟ ಮೀನು ಬದುಕಿತೆಂಬುದು ಬಿಟ್ಟವನ ನಂಬಿಕೆ. ಬೇಸಗೆಯಲ್ಲಂತೂ ಇದು ದುರ್ಬಲವಾದ ನಂಬಿಕೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಮೆ: 10 ಡಿಗ್ರಿಯ ತಣ್ಣೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಹಿಡಿದಿಟ್ಟರೆ, 30 ಡಿಗ್ರಿಯ ನೀರು ಹಿಡಿಯುವುದು ಏಳೂವರೆಯಷ್ಟು. ದಾರದ ತುದಿಯಲ್ಲಿ ಹೋರಾಡಿ ಬಳಲಿದ ಮೀನಿಗೆ ಉಸಿರು ಹೆಚ್ಚು ಬೇಕಾದ ಹೊತ್ತಿನಲ್ಲಿಯೇ ನೀರು ಬಡವಾಗಿರುತ್ತದೆ. ನಾವು ಒಣ ಕೈಯಿಂದ ಹಿಡಿದಾಗ ಅದರ ಮೈಯ ಲೋಳೆ ಕಿತ್ತುಬರುತ್ತದೆ. ರೋಗವನ್ನು ತಡೆಯುವ ಕವಚ ಆ ಲೋಳೆಯೇ. ಬಾಲ ಬಡಿದು ಅದು ಆಳಕ್ಕೆ ಇಳಿದುಹೋದುದನ್ನು ನೋಡಿ ನಾವು ಧನ್ಯರಾಗುತ್ತೇವೆ. ಮುಂದಿನದು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಇದನ್ನು ಯೋಚಿಸುವಾಗಲೆಲ್ಲ ನನಗೆ ಜನ್ನನ ನೆನಪಾಗುತ್ತದೆ. 1209ರ ಆ ‘ಯಶೋಧರ ಚರಿತೆ’ಯಲ್ಲಿ ತಾಯಿ ಚಂದ್ರಮತಿ ಕೋಳಿಯನ್ನು ಬಲಿಕೊಡೆನ್ನುತ್ತಾಳೆ, ಯಶೋಧರ ಒಲ್ಲೆನೆನ್ನುತ್ತಾನೆ, ಕಡೆಗೆ ಹಿಟ್ಟಿನ ಕೋಳಿಯನ್ನು ಕಡಿಯುವುದೆಂದು ಒಪ್ಪಂದವಾಗುತ್ತದೆ. ಜೀವವಿಲ್ಲದ ಹಿಟ್ಟು. ಆದರೂ ಕತ್ತಿ ಬಿದ್ದಾಗ ಅದು ಕೂಗುತ್ತದೆ. ತಾಯಿಮಕ್ಕಳಿಬ್ಬರೂ ಆ ಒಂದು ಸಂಕಲ್ಪಹಿಂಸೆಗಾಗಿ ಜನ್ಮಜನ್ಮಾಂತರ ಅಲೆಯುತ್ತಾರೆ. ನವಿಲಾಗಿ, ನಾಯಿಯಾಗಿ, ಒಂದು ಜನ್ಮದಲ್ಲಿ ಮಗ ಮೀನಾಗಿ ತಾಯಿ ಮೊಸಳೆಯಾಗಿ. ಹಿಟ್ಟಿಗೆ ಇಷ್ಟು ಶಿಕ್ಷೆಯೆ ಎಂದು ವಿದ್ಯಾರ್ಥಿಗಳು ಪ್ರತಿವರ್ಷವೂ ಕೇಳುತ್ತಾರೆ. ಶಿಕ್ಷೆಯ ಪ್ರಮಾಣವನ್ನು ನಾನು ಸಮರ್ಥಿಸಲಾರೆ. ಪುನರ್ಜನ್ಮವನ್ನು ನಂಬದವನಿಗೂ ಕವಿಯ ಕಣ್ಣು ಎಲ್ಲಿ ನಟ್ಟಿದೆಯೆಂಬುದು ಮುಖ್ಯ. ಕೈ ಏನು ಮಾಡಿತೆಂಬುದಕ್ಕಿಂತ ಮನಸ್ಸು ಏನನ್ನು ಆಡಿ ನೋಡಿತೆಂದು ಅವನು ಕೇಳುತ್ತಾನೆ. ಯಶೋಧರನಲ್ಲಿ ಕೊಲ್ಲುವ ಸಂಕಲ್ಪವಿತ್ತು, ನೋಯುವ ಜೀವವಿರಲಿಲ್ಲ. ಹಿಡಿದು ಬಿಡುವವನಲ್ಲಿ ಕೊಲ್ಲುವ ಸಂಕಲ್ಪವಿಲ್ಲ, ನೋಯುವ ಜೀವವಿದೆ. ಹಿಟ್ಟಿನ ಕೋಳಿಯ ಒಳಮೈಯನ್ನು ಹೊರಗೆ ತಿರುವಿದ ಹಾಗೆ. ಜನ್ನ ಇದನ್ನು ನೋಡಿದ್ದರೆ ಯಾವ ಜನ್ಮವನ್ನು ವಿಧಿಸುತ್ತಿದ್ದನೋ!

ಬಿಡುವವರ ಪರವಾಗಿ ಒಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ಕಾವೇರಿಯ ಭೀಮೇಶ್ವರಿಯಲ್ಲಿ ವರ್ಷಗಟ್ಟಲೆ ದೇಶವಿದೇಶದ ಗಾಳಗಾರರು ಮಹಸೀರ್ ಮೀನನ್ನು ಹಿಡಿದು, ತೂಗಿ, ಪಟ ತೆಗೆಸಿ, ಬಿಡುತ್ತಿದ್ದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಸೀರ್ 120 ಪೌಂಡು ತೂಗಿತ್ತು. ಅಂಥ ಮೀನಿನ ಆಸೆ ಅವರನ್ನು ಎಳೆದು ತರುತ್ತಿತ್ತು. ಸುತ್ತಲ ಹಳ್ಳಿಯವರಿಗೆ ಕಾವಲಿನ ಕೆಲಸ ಸಿಕ್ಕಿ, ಮದ್ದು ಸಿಡಿಸಿ ಮೀನು ಕೊಲ್ಲುವವರಿಗೆ ತಡೆಯಾಗಿತ್ತೆಂದು ಗಾಳದವರ ವಾದ. 2010ರ ಆಸುಪಾಸಿನಿಂದ ಅಭಯಾರಣ್ಯದೊಳಗೆ ಈ ಆಟಕ್ಕೆ ತಡೆಬಿತ್ತು. 2018ರಲ್ಲಿ ಕಾವೇರಿಯ ಆ ಡುಬ್ಬದ ಮಹಸೀರ್ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯನ್ನು ಸೇರಿತು. ಕೆಲವು ಮೀನುಗಳ ತುಟಿ ಹರಿದದ್ದರಿಂದ ಒಂದು ಕುಲವೇ ಉಳಿಯುವುದಾದರೆ? ಇದು ತಳ್ಳಿಹಾಕುವ ವಾದವಲ್ಲ. ಆದರೆ ಇದು ಮಹಸೀರಿಗೆ ಸಲ್ಲುವ ವಾದ. ಕಾವಲಿಗೆ ಸಲ್ಲುವ ವಾದ. ಹೇಮಾವತಿಯ ಹಿನ್ನೀರಿನಲ್ಲಿ ಸೋಮವಾರ ಬೆಳಗ್ಗೆ ಜಿಲೇಬಿ ಹಿಡಿಯುವ ಅಧ್ಯಾಪಕ ಇದರ ನೆರಳಿನಲ್ಲಿ ನಿಲ್ಲಲಾಗದು. ಜಿಲೇಬಿಗೆ ಯಾರ ಕಾವಲೂ ಬೇಕಾಗಿಲ್ಲ.

ಇದನ್ನೆಲ್ಲ ಒಂದು ರಾತ್ರಿ ಜಗಲಿಯಲ್ಲಿ ಕುಳಿತು ನನ್ನ ಹೆಂಡತಿಯೊಡನೆ ವಿಸ್ತಾರವಾಗಿ ಹೇಳಿದೆ. ಜನ್ನನನ್ನೂ ಬಿಡಲಿಲ್ಲ. ಅವಳು ಅವರೆಕಾಳು ಹಿದುಕುತ್ತ ಪೂರ್ತಿ ಕೇಳಿ, “ಹಾಗಾದರೆ ಸೋಮವಾರ ಗಾಳ ಮನೆಯಲ್ಲಿಟ್ಟು ಹೋಗಿ. ತೆಪ್ಪ ಇದೆ, ನೀರಿದೆ, ಸುಮ್ಮನೆ ಕೂತು ಬನ್ನಿ” ಎಂದಳು.

ಎಷ್ಟು ಸರಳ! ಚೀನದ ಪುರಾಣದಲ್ಲಿ ಜಿಯಾಂಗ್ ಝಿಯಾ ಎಂಬ ಮುದುಕ ಎರೆಯಿಲ್ಲದ ನೆಟ್ಟನೆಯ ಸೂಜಿಯನ್ನು ನೀರಿನ ಮೇಲೆ ಇಳಿಬಿಟ್ಟು, ಬರುವ ಮೀನು ತಾನಾಗಿ ಬರಲಿ ಎಂದು ಕೂತಿದ್ದನಂತೆ. ಕಡೆಗೆ ಮೀನಿನ ಬದಲು ಅರಸನೇ ಬಂದು ಅವನನ್ನು ಮಂತ್ರಿಯಾಗಿ ಕರೆದೊಯ್ದನಂತೆ. ನನ್ನನ್ನು ಕರೆದೊಯ್ಯಲು ಯಾವ ಅರಸನೂ ಬರಲಾರ; ಇರಲಿ. ಗಾಳವಿಲ್ಲದೆ ಎರಡು ಬೆಳಗ್ಗೆ ಹೋಗಿ ಕುಳಿತು ನೋಡಿದೆ. ಮೊದಲ ದಿನ ಅರ್ಧ ಗಂಟೆಗೆ ಕೈಗಡಿಯಾರ ನೋಡಿಕೊಂಡೆ. ಎರಡನೆಯ ದಿನ ಪುಸ್ತಕ ಒಯ್ದೆ. ಓದುತ್ತ ನೀರನ್ನೇ ಮರೆತೆ. ಬೆಂಡು ಇದ್ದಾಗ ಕಾಣುತ್ತಿದ್ದ ನೀರು ಬೆಂಡು ಇಲ್ಲದಾಗ ಕಾಣುವುದಿಲ್ಲ. ಗಾಳಿ ಯಾವ ಕಡೆಯದು, ಗುಳ್ಳೆ ಎಲ್ಲಿ ಎದ್ದಿತು, ಬೊಡ್ಡೆಯ ನೆರಳು ಎಷ್ಟು ಸರಿಯಿತು—ಇವನ್ನೆಲ್ಲ ಮನಸ್ಸು ಗಮನಿಸುವುದು ಏನೋ ಒಂದು ಸಿಕ್ಕೀತೆಂಬ ಆಸೆಯಿಂದ. ವಾಲ್ಟನ್ನನ ಚಿಂತನದ ಗುಟ್ಟೂ ಇದೇ ಇರಬಹುದು. ಆ ಏಕಾಗ್ರತೆ ಬೇಟೆಗಾರನದು; ಯೋಗಿಯ ಉಡುಪನ್ನು ಅದಕ್ಕೆ ನಾವು ತೊಡಿಸಿದ್ದೇವೆ. ಇದು ಗಾಳದ ಆಕರ್ಷಣೆ ಎಂಥದೆಂದು ತಿಳಿಸುತ್ತದೆ. ಅದು ನ್ಯಾಯವೆಂದು ತಿಳಿಸುವುದಿಲ್ಲ.

ತೆಪ್ಪದವನು ಇಷ್ಟು ದೂರ ಹೋಗುವವನಲ್ಲ. ಮೀನನ್ನು ನಾನು ನೀರಿಗೆ ಬಿಡುವುದನ್ನು ಕಂಡಾಗ ಅವನು ಕೇಳಿದ್ದು ಒಂದೇ ಮಾತು: “ಬಿಡೋ ಹಂಗಿದ್ರೆ ಹಿಡಿಯೋದ್ಯಾಕೆ ಮೇಷ್ಟ್ರೇ? ಅದಕ್ಕೂ ಕೆಲ್ಸ ಕೆಟ್ಟೋಯ್ತು, ನಿಮಗೂ ಕೆಟ್ಟೋಯ್ತು.” ಬಲೆಯಲ್ಲಿ ದಿನಕ್ಕೆ ಬುಟ್ಟಿಗಟ್ಟಲೆ ಎತ್ತುವವನು ಅವನು. ನನ್ನ ಒಂದು ಮೀನಿನ ವಿಷಯದಲ್ಲಿ ಅವನಿಗೆ ಕರುಣೆಗಿಂತ ಹೆಚ್ಚಾಗಿ ಬೇಸರವಾದಂತೆ ಕಂಡಿತು. ಅನ್ನವನ್ನು ಚೆಲ್ಲುವವನನ್ನು ಕಂಡಾಗ ಹಿರಿಯರಿಗೆ ಆಗುವಂಥ ಬೇಸರ.

ಹಾಗಾದರೆ ಒಂದು ದಾರಿ ಉಳಿಯಿತು. ನಮ್ಮ ಮನೆಯ ಒಲೆಗೆ ಆ ದಿನ ಮೀನು ಸಲ್ಲದಿದ್ದರೆ ಇನ್ನೊಬ್ಬರ ಒಲೆಗೆ ಸಲ್ಲಲಿ. ತಿನ್ನುವವರು ಯಾರಾದರೇನು, ವ್ಯರ್ಥವಾಗದಿದ್ದರೆ ಸರಿ. ಈ ಏಪ್ರಿಲ್‌ನಲ್ಲಿ ಒಂದು ಸೋಮವಾರ ಅಂಗೈಯಗಲದ ಜಿಲೇಬಿಯೊಂದು ಸಿಕ್ಕಿತು. ಒಂದೇ ಪೆಟ್ಟಿಗೆ ಅದನ್ನು ಮುಗಿಸಿ, ದಡಕ್ಕೆ ಬಂದು, ಮುತ್ತುಗದೆಲೆಯಲ್ಲಿ ಸುತ್ತಿ ತೆಪ್ಪದವನ ಮುಂದೆ ಹಿಡಿದೆ. ಅವನು ಎರಡು ಕೈಯನ್ನೂ ಹಿಂದಕ್ಕೆ ಕಟ್ಟಿಕೊಂಡು ನಕ್ಕ.

“ನಮ್ಮನೇಲೂ ಇವತ್ತು ಸೋಮವಾರಾನೇ ಮೇಷ್ಟ್ರೇ.”